ತಲೆಯೊಳಗಿನ ಒತ್ತಡ ಮತ್ತು ಒಂದು ತಂಬಿಗೆ ನೀರು



ಕಳೆದ ಬಾರಿ ಈ ಅಂಕಣದಲ್ಲಿ ರಕ್ತದೊತ್ತಡದ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ತಾಯಿಯೊಬ್ಬರು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮನ್ನು ನಿಲ್ಲಿಸಿದರು. "ಫಾದರ್, ನಮ್ಮ ಅಣ್ಣನ ಮಗನಿಗೆ ತಲೆಯೊಳಗೆ ಪ್ರೆಶರ್ ಏರಿದೆ ಅಂತ ಡಾಕ್ಟರ್ ಹೇಳಿದಾರ. ಬಿಪಿ ಗುಳಗಿ ಕೊಟ್ಟರ ಇಳಿತದಲ್ರೀ?" ಎಂದು ಕೇಳಿದರು. ಇಳಿಯುವುದಿಲ್ಲ ಎಂದೆವು. ಅವರ ಮುಖ ನೋಡಿದರೆ ನಮ್ಮ ಉತ್ತರ ಅವರಿಗೆ ಸಾಲದು ಎಂದು ತಿಳಿಯುತ್ತಿತ್ತು. ಅಂಗಳದಲ್ಲಿ ನಿಂತು ಹೇಳಿ ಮುಗಿಸುವ ವಿಷಯವೂ ಅದಲ್ಲ. ಆದ್ದರಿಂದ ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ರಕ್ತದೊತ್ತಡ ಬೇರೆ, ತಲೆಬುರುಡೆಯೊಳಗಿನ ಒತ್ತಡ ಬೇರೆ. ಇದನ್ನು ನಾವು ಸೆಮಿನರಿಯಲ್ಲಿ ಕಲಿಯಲಿಲ್ಲ. ಕಲಿತದ್ದು ತುರೋರಿಯ ಒಂದು ಬಾಣಂತಿ ಕೋಣೆಯಲ್ಲಿ, ಅದೂ ತಪ್ಪು ಮಾಡಿ. ಆ ಮನೆಯವರ ಒಪ್ಪಿಗೆ ಪಡೆದು, ಅವರ ಹೆಸರು ಬಿಟ್ಟು, ನಡೆದದ್ದನ್ನು ಮೊದಲು ಹೇಳುತ್ತೇವೆ.

ತುರೋರಿ ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಊರು. 2023ರಿಂದ ಧಾರಾಶಿವ ಎಂದು ಕರೆಯಲಾಗುವ ಹಳೆಯ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದ್ದು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಅಲ್ಲಿಂದ ಮುಂದೆ ಸ್ವಲ್ಪ ಹೋದರೆ ಕರ್ನಾಟಕದ ಗಡಿ. ಆ ಕಡೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಹೆಣ್ಣು ಕೊಡುವುದು ತರುವುದು ಗಡಿಯ ಎರಡೂ ಬದಿಯಲ್ಲಿ ನಡೆದೇ ಇದೆ. ನಮ್ಮ ಧರ್ಮಕೇಂದ್ರದ ಒಂದು ಮನೆಯ ಮಗಳನ್ನೂ ಅಲ್ಲಿಗೆ ಕೊಟ್ಟಿದ್ದಾರೆ. ಮೊದಲ ಹೆರಿಗೆ ತವರಿನಲ್ಲಾಗಿತ್ತು, ಎರಡನೆಯದು ಗಂಡನ ಮನೆಯಲ್ಲಿ. ತೊಟ್ಟಿಲಿಗೆ ಹಾಕುವ ದಿನ ಮಗುವಿಗೆ ಆಶೀರ್ವಾದ ಮಾಡಲು ಬರಬೇಕೆಂದು ಅವಳ ತಂದೆ ತಾಯಿ ನಮ್ಮನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಹೊರಗೆ ಪೆಂಡಾಲು, ಹೆಣ್ಣುಮಕ್ಕಳ ನಗು, ತೊಟ್ಟಿಲಿಗೆ ಕಟ್ಟಿದ ಬಣ್ಣದ ಕಾಗದ. ಒಳಗೆ ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡದ ಕಾವು, ಬೆಳ್ಳುಳ್ಳಿ ಮತ್ತು ಅಜವಾನದ ವಾಸನೆ. ತಾಯಿ ಮಾತ್ರ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿದರೆ ತಲೆಬ್ಯಾನಿ ಹೆಚ್ಚುತ್ತದೆ ಎಂದಳು. ನಾಲ್ಕು ದಿನದಿಂದ ಇದೆಯಂತೆ. ನಸುಕಿನಲ್ಲಿ ಎದ್ದಾಗ ಜಾಸ್ತಿ, ಎರಡು ಸಲ ವಾಂತಿಯೂ ಆಗಿತ್ತು. ನಮ್ಮನ್ನು ನೋಡಿ ನಕ್ಕು, "ಫಾದರ್, ನೀವು ಇಬ್ಬರು ಕಾಣಸ್ತೀರಿ" ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಕುಡಿಯಲು ನೀರು ಕೇಳಿದಾಗ ಗಂಡನ ಅಜ್ಜಿ ಒಂದು ಸಣ್ಣ ಲೋಟದಲ್ಲಿ ಕಾಯಿಸಿದ ಅಜವಾನದ ನೀರನ್ನು ಅರ್ಧಕ್ಕೆ ಹಾಕಿ ಕೊಟ್ಟರು. ಇನ್ನಷ್ಟು ಬೇಕೆಂದರೆ ಇಲ್ಲ. "ಹಸಿ ಮೈ ಅದ. ನೀರು ಕುಡದ್ರ ಹೊಟ್ಟಿ ಬರ್ತದ, ಕೂಸಿಗಿ ನೆಗಡಿ ಆಗ್ತದ" ಎಂದರು ಆಯಿ. ಏಳು ಹೆತ್ತವರು, ಓಣಿಯ ಎಷ್ಟೋ ಬಾಣಂತನ ಮಾಡಿದವರು. ಅವರ ಮಾತಿಗೆ ಎದುರಾಡುವ ಯೋಗ್ಯತೆ ನಮಗೇನಿದೆ? ನಿದ್ದೆಗೆಟ್ಟು ತಲೆ ನೋಯುತ್ತಿದೆ ಎಂದು ನಾವೂ ತೀರ್ಮಾನಿಸಿದೆವು. ಚೀಲದಲ್ಲಿದ್ದ ನೋವಿನ ಮುಲಾಮಿನ ಡಬ್ಬಿ ಕೊಟ್ಟು, ಪ್ರಾರ್ಥಿಸಿ, ಊಟ ಮಾಡಿ ಹೊರಟು ಬಂದೆವು.

ಮರುದಿನ ರಾತ್ರಿ ಅವಳಿಗೆ ಫಿಟ್ಸ್ ಬಂತು. ಒಂದು ಕೈ ಒಂದು ಕಾಲು ಸೆಳೆದು, ಆಮೇಲೆ ಮೈಯೆಲ್ಲ. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ದೊಡ್ಡ ಊರಿಗೆ. ಎಂ.ಆರ್.ಐ. ಮಾಡಿ, ರಕ್ತನಾಳಗಳ ಚಿತ್ರವನ್ನೂ ತೆಗೆದ ಮೇಲೆ ಡಾಕ್ಟರರು ಹೇಳಿದ್ದು ಇಷ್ಟು: ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ. ಒಳಗೆ ಬಂದ ರಕ್ತಕ್ಕೆ ಹೊರಗೆ ಹೋಗುವ ದಾರಿ ಇಲ್ಲ. ಬುರುಡೆಯೊಳಗೆ ಒತ್ತಡ ಏರಿದೆ.

ಅವಳು ಉಳಿದಳು ಎಂದು ಈಗಲೇ ಹೇಳಿಬಿಡುತ್ತೇವೆ, ಓದುವವರಿಗೆ ಕಾಯಿಸುವುದು ಬೇಡ. ಮಗುವಿಗೆ ಈಗ ಮೂರು ವರ್ಷ.

ಬುರುಡೆಯೊಳಗೆ ಒತ್ತಡ ಏರುವುದೆಂದರೆ ಏನು? ದೊಡ್ಡವರ ತಲೆಬುರುಡೆ ಎಲ್ಲ ಕಡೆಯಿಂದ ಮುಚ್ಚಿದ ಎಲುಬಿನ ಪೆಟ್ಟಿಗೆ. ಅದರಲ್ಲಿ ಮೂವರು ಬಾಡಿಗೆದಾರರು: ಮಿದುಳು, ರಕ್ತ, ಮತ್ತು ಮಿದುಳನ್ನು ಸುತ್ತಿ ನಿಂತಿರುವ ತಿಳಿನೀರು. ಜಾಗದಲ್ಲಿ ಹತ್ತರಲ್ಲಿ ಎಂಟು ಪಾಲು ಮಿದುಳಿನದೇ, ಉಳಿದದ್ದನ್ನು ರಕ್ತ ಮತ್ತು ನೀರು ಹಂಚಿಕೊಂಡಿವೆ. ಈ ನೀರು ಒಮ್ಮೆಗೆ ಸುಮಾರು 150 ಮಿಲಿಲೀಟರ್ ಇರುತ್ತದೆ, ಆದರೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ತಯಾರಾಗುತ್ತದೆ, ಅಷ್ಟೇ ರಕ್ತಕ್ಕೆ ಮರಳಿ ಹೀರಿಹೋಗುತ್ತದೆ. ಪೆಟ್ಟಿಗೆ ಹಿಗ್ಗುವುದಿಲ್ಲವಾದ್ದರಿಂದ ಒಬ್ಬ ಬಾಡಿಗೆದಾರ ದೊಡ್ಡವನಾದರೆ ಇನ್ನೊಬ್ಬ ಜಾಗ ಬಿಡಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ 1783ರಲ್ಲಿ, ಅವರ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲಿ ಇದನ್ನು ಬರೆದಿಟ್ಟರು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಈ ವಿಷಯವನ್ನು ಅವರಿಬ್ಬರ ಹೆಸರಿನಲ್ಲೇ ಕಲಿಯುತ್ತಾರೆ.

ಉಮರ್ಗಾದ ಸಂತೆಯ ದಿನ ಜೀಪು ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತು ಮಂದಿಯ ಜೀಪಿನಲ್ಲಿ ಹನ್ನೆರಡು ಮಂದಿ ಕೂರುತ್ತಾರೆ. ಸ್ವಲ್ಪ ಸರಿಯಿರಿ ಎಂದರೆ ಹದಿನಾಲ್ಕು. ಅಲ್ಲಿಯವರೆಗೂ ನಗುತ್ತಲೇ ಇರುತ್ತಾರೆ. ಹದಿನೈದನೆಯವನು ಹತ್ತಿದ ಕೂಡಲೇ ಯಾರಿಗೂ ಉಸಿರಾಡಲು ಆಗುವುದಿಲ್ಲ. ತಲೆಯೂ ಹಾಗೆಯೇ. ಬಾವು ಬಂದರೂ ರಕ್ತ ಸೋರಿದರೂ ಸ್ವಲ್ಪ ಹೊತ್ತು ನೀರು ಮತ್ತು ರಕ್ತ ಹಿಂದೆ ಸರಿದು ಹೊಂದಿಸಿಕೊಳ್ಳುತ್ತವೆ. ರೋಗಿ ಮಾತಾಡುತ್ತಿರುತ್ತಾನೆ. ಆ ಮಿತಿ ದಾಟಿದ ಮೇಲೆ ಸ್ವಲ್ಪವೇ ಹೆಚ್ಚಿದರೂ ಒತ್ತಡ ಒಮ್ಮೆಗೇ ಮೇಲಕ್ಕೆ ಹಾರುತ್ತದೆ. "ಬೆಳಿಗ್ಗೆ ಚಲೋ ಇದ್ದ, ಮಧ್ಯಾಹ್ನಕ್ಕ ಎಚ್ಚರ ಇಲ್ಲ" ಎಂದು ಮನೆಯವರು ಹೇಳುವುದಕ್ಕೆ ಇದೇ ಕಾರಣ.

ಅಳತೆ ಮಾತ್ರ ಬಿಪಿಯದೇ, ಪಾದರಸದ ಮಿಲಿಮೀಟರಿನಲ್ಲಿ. ಮಲಗಿರುವ ದೊಡ್ಡವರಲ್ಲಿ 7ರಿಂದ 15ರವರೆಗೆ ಸರಿ. ತಲೆಗೆ ಪೆಟ್ಟಾದವರಲ್ಲಿ 20-22 ದಾಟಿ ನಿಂತರೆ ಚಿಕಿತ್ಸೆ ಬೇಕು. ತೋಳಿಗೆ ಪಟ್ಟಿ ಕಟ್ಟಿ ಇದನ್ನು ಅಳೆಯಲಾಗುವುದಿಲ್ಲ. ಬುರುಡೆಗೆ ಸಣ್ಣ ರಂಧ್ರ ಮಾಡಿ ನಳಿಗೆ ಇಳಿಸಬೇಕು, ಇಲ್ಲವೇ ಕೆಲವು ರೋಗಗಳಲ್ಲಿ ಸ್ಕ್ಯಾನ್ ನೋಡಿದ ಮೇಲೆ ಬೆನ್ನಿನಿಂದ ನೀರು ತೆಗೆಯುವಾಗ ನೋಡಬೇಕು. ಬೆನ್ನಿನ ನೀರು ತೆಗೆಯುವ ವಿಧಾನವನ್ನು ಜರ್ಮನಿಯ ಕ್ವಿಂಕೆ 1891ರಲ್ಲಿ ತೋರಿಸಿಕೊಟ್ಟರು.

ಆ ತಾಯಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಒಳಗೆ ಒತ್ತಡ ಏರಿದಾಗ ಮಿದುಳಿಗೆ ರಕ್ತ ತಲುಪುವುದು ಕಷ್ಟವಾಗುತ್ತದೆ. ಹೃದಯ ಅದನ್ನು ಮೀರಿ ರಕ್ತ ತಳ್ಳಲು ಬಿಪಿಯನ್ನು ತಾನೇ ಏರಿಸುತ್ತದೆ. ಬಿಪಿ ಮೇಲೆ ಹೋಗಿ, ನಾಡಿ ನಿಧಾನವಾಗಿ, ಉಸಿರು ಏರುಪೇರಾದರೆ ಪರಿಸ್ಥಿತಿ ಬಹಳ ಗಂಭೀರ ಎಂದು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ನೂರು ವರ್ಷಕ್ಕೂ ಹಿಂದೆಯೇ ತೋರಿಸಿದ್ದರು. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಬಿಪಿ ಗುಳಿಗೆ ನುಂಗಿಸಿದರೆ ಮಿದುಳಿಗೆ ಹೋಗುವ ರಕ್ತವನ್ನು ನಾವೇ ತಡೆದಂತಾಗುತ್ತದೆ.

ಇನ್ನು ಗುರುತುಗಳು. ತಲೆನೋವು ಬಂದವರೆಲ್ಲ ಹೆದರಬೇಕಾಗಿಲ್ಲ. ನೂರಕ್ಕೆ ನೂರು ಮನೆಗಳಲ್ಲಿ ತಲೆನೋವು ಇದೆ, ಬಹುಪಾಲು ಅರ್ಧತಲೆನೋವು ಅಥವಾ ಆಯಾಸದ್ದು. ಆದರೆ ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಹೆಚ್ಚಾಗುವ, ನಸುಕಿನಲ್ಲಿ ಎಬ್ಬಿಸುವ, ದಿನದಿಂದ ದಿನಕ್ಕೆ ಏರುತ್ತಾ ಹೋಗುವ ನೋವು ಬೇರೆ ಜಾತಿಯದು. ಜೊತೆಗೆ ವಾಂತಿ, ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣಿಗೆ ಮಂಕು, ಒಂದು ಎರಡಾಗಿ ಕಾಣುವುದು, ಮಂಪರು, ಮಾತಿನ ತಪ್ಪು, ಫಿಟ್ಸ್. ಒಂದು ಕಣ್ಣಿನ ಪಾಪೆ ದೊಡ್ಡದಾಯಿತೆಂದರೆ ಆಗಲೇ ತಡವಾಗಿದೆ. ತುರೋರಿಯ ಹುಡುಗಿ ಈ ಪಟ್ಟಿಯಲ್ಲಿ ನಾಲ್ಕನ್ನು ನಮ್ಮ ಮುಂದೆಯೇ ಹೇಳಿದ್ದಳು. ನಾವು ಇಬ್ಬರಾಗಿ ಕಂಡೆವು ಎಂದಾಗ ನಕ್ಕಿದ್ದು ಈಗಲೂ ನೆನಪಾಗುತ್ತದೆ. ಕಣ್ಣನ್ನು ಹೊರಕ್ಕೆ ತಿರುಗಿಸುವ ನರ ತಲೆಯೊಳಗೆ ಬಹಳ ದೂರ ಹಾದು ಬರುತ್ತದೆ. ಒತ್ತಡ ಏರಿದರೆ ಬೇಗ ಸೋಲುವುದು ಅದೇ.

ಕಣ್ಣಿನ ಡಾಕ್ಟರರಿಗೂ ಇಲ್ಲಿ ದೊಡ್ಡ ಪಾಲಿದೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನ ಒಳಗೋಡೆ ನೋಡುವ ಉಪಕರಣ ಮಾಡಿದರು. ತಲೆಯೊಳಗಿನ ಒತ್ತಡ ಕಣ್ಣಿನ ನರದ ಗುಂಟ ಹರಿದು ಅದರ ತುದಿ ಊದಿಕೊಳ್ಳುತ್ತದೆ, ಅದು ಈ ಉಪಕರಣದಲ್ಲಿ ಕಾಣುತ್ತದೆ. ತೂಕ ಹೆಚ್ಚಿರುವ ಯುವತಿಯರಲ್ಲಿ ಗಡ್ಡೆ, ಹೆಪ್ಪು ಏನೂ ಇಲ್ಲದೆಯೂ ಒತ್ತಡ ಏರುವ ಒಂದು ಕಾಯಿಲೆ ಇದೆ. ಎಷ್ಟೋ ಮಂದಿ ಕನ್ನಡಕ ಬದಲಿಸಲು ಹೋಗಿ ಅದನ್ನು ಕಂಡುಕೊಂಡಿದ್ದಾರೆ. ಬಿಟ್ಟರೆ ದೃಷ್ಟಿಯೇ ಹೋಗಬಹುದು. ತೂಕ ಇಳಿಸುವುದು, ಅಸೆಟಜೋಲಮೈಡ್ ಎಂಬ ಮಾತ್ರೆ, ಇವೆರಡರಿಂದ ಹೆಚ್ಚಿನವರು ಸುಧಾರಿಸುತ್ತಾರೆ.

ಕಾರಣಗಳು ಹಲವು. ಮಿದುಳಿನ ಗಡ್ಡೆ, ಮಿದುಳಿನ ಪೊರೆಗೆ ತಗಲುವ ಕ್ಷಯ, ಸರಿಯಾಗಿ ತೊಳೆಯದ ಸೊಪ್ಪು ತರಕಾರಿ ಮತ್ತು ಕೊಳಕು ಕೈಗಳ ಮೂಲಕ ಹೊಟ್ಟೆ ಸೇರುವ ಲಾಡಿಹುಳುವಿನ ಮೊಟ್ಟೆಗಳು, ತಲೆಯ ಪೆಟ್ಟು. ಕ್ಷಯದ ಗುಳಿಗೆಯನ್ನು "ಈಗ ಆರಾಮ ಆಯ್ತು" ಎಂದು ಮಧ್ಯದಲ್ಲಿ ನಿಲ್ಲಿಸುವವರು ಇದನ್ನು ಒಮ್ಮೆ ಯೋಚಿಸಬೇಕು.

ಪೆಟ್ಟಿನ ವಿಷಯ ಆ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಹೆಚ್ಚು ಪೆಟ್ಟು ತಿಂದದ್ದು ಲಾತೂರಿನ ಔಸಾ ಮತ್ತು ಉಸ್ಮಾನಾಬಾದಿನ ಉಮರ್ಗಾ ತಾಲೂಕುಗಳೇ. ಮಲಗಿದ್ದವರ ಮೇಲೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಬಿತ್ತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಈಗ ಅಲ್ಲಿ ತಲೆ ಒಡೆಯುವುದು ಹೆದ್ದಾರಿ. ಬೈಕಿನ ಮೇಲೆ ಮೂವರು, ಹೆಲ್ಮೆಟ್ ಟಾಕಿಯ ಮೇಲೆ. ಪೊಲೀಸರು ಕಂಡರೆ ಮಾತ್ರ ಅದು ತಲೆಗೆ ಏರುತ್ತದೆ. ಗಾಯ ಕಾಣದಿದ್ದರೂ ಎಲುಬು ಮತ್ತು ಪೊರೆಯ ನಡುವೆ ರಕ್ತ ಸೋರುತ್ತಿರಬಹುದು. ಬಿದ್ದವನು ಎದ್ದು ಬಟ್ಟೆ ಕೊಡವಿಕೊಂಡು ಚಹಾ ಕುಡಿದು, "ಏನೂ ಆಗಿಲ್ಲ, ಸ್ವಲ್ಪ ಮಲಗ್ತೀನಿ" ಎನ್ನುತ್ತಾನೆ. ಜೀಪಿನಲ್ಲಿ ಹದಿನಾಲ್ಕು ಮಂದಿ ಕುಳಿತಿರುವ ಹೊತ್ತು ಅದು. ತಲೆಗೆ ಪೆಟ್ಟಾದವನನ್ನು ಕನಿಷ್ಠ ಒಂದು ಹಗಲು ಒಂದು ರಾತ್ರಿ ಒಬ್ಬನೇ ಬಿಡಬಾರದು. ತಲೆನೋವು ಏರಿದರೆ, ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ, ಕತ್ತು ತಿರುಚದಂತೆ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಗಡಿಯ ಎರಡೂ ಕಡೆ ಅದೇ ನಂಬರು. ಪೊಲೀಸ್ ಕೇಸಿನ ಭಯ ಬೇಡ, ಗಾಯಾಳುವಿಗೆ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ.

ಈಗ ಬಾಣಂತಿಗೆ ಬರೋಣ. ಹೆರಿಗೆಯ ಹೊತ್ತಿನಲ್ಲಿ ರಕ್ತ ಹೆಚ್ಚು ಹೋಗದಿರಲಿ ಎಂದು ಹೆಣ್ಣಿನ ಮೈ ತಾನೇ ಒಂದು ಏರ್ಪಾಡು ಮಾಡಿಕೊಳ್ಳುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ದೇವರ ಸೃಷ್ಟಿಯ ಸೊಗಸು ಅದು. ಆದರೆ ಹೆರಿಗೆಯಾದ ಮೇಲೂ ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಆ ಗುಣ ಉಳಿಯುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ಜ್ವರ ಬಂದರೆ ಅಪಾಯ ಏರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಏರುತ್ತದೆ. ಕೆಂಡದ ಕಾವಿನಲ್ಲಿ ಬೆವರುತ್ತಾ, ಮಗುವಿಗೆ ಹಾಲು ಕೊಡುತ್ತಾ, ದಿನಕ್ಕೆ ಎರಡು ಮೂರು ಅರ್ಧ ಲೋಟ ನೀರು ಕುಡಿಯುವ ತಾಯಿಯ ರಕ್ತ ಏನಾಗಬೇಕು? ಮಿದುಳಿನ ಅಭಿಧಮನಿ ಕಟ್ಟಿಕೊಳ್ಳುವ ಈ ಕಾಯಿಲೆ ನಮ್ಮ ದೇಶದ ಬಾಣಂತಿಯರಲ್ಲಿ ಹೆಚ್ಚು ಎಂಬುದನ್ನು ಭಾರತದ ನರರೋಗ ತಜ್ಞರು ಹಲವು ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ, ನೀರು ಕೊಡದ ಪದ್ಧತಿಯ ಕಡೆಗೂ ಬೆರಳು ತೋರಿಸಿದ್ದಾರೆ.

ಇದಕ್ಕೆ ಔಷಧ ಕಂಡುಕೊಂಡ ಕಥೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಸ್ಥಾನವಿದೆ. ಹೆಪ್ಪು ಇನ್ನಷ್ಟು ಬೆಳೆಯದಂತೆ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡಬೇಕು. ಆದರೆ ಈ ರೋಗಿಗಳಲ್ಲಿ ಎಷ್ಟೋ ಸಲ ಮಿದುಳೊಳಗೆ ರಕ್ತವೂ ಸೋರಿರುತ್ತದೆ. ಸೋರುತ್ತಿರುವಾಗ ರಕ್ತ ತೆಳುಮಾಡುವುದೇ? ವೈದ್ಯರು ಬಹಳ ಕಾಲ ಹಿಂಜರಿದರು. 1991ರಲ್ಲಿ ಜರ್ಮನಿಯ ವೈದ್ಯರು ಇಪ್ಪತ್ತು ರೋಗಿಗಳಲ್ಲಿ ಪರೀಕ್ಷಿಸಿದಾಗ ಹೆಪಾರಿನ್ ಪಡೆದ ಹತ್ತು ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ ಹತ್ತರಲ್ಲಿ ಮೂವರು ಸತ್ತರು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರಲ್ಲೇ ಕಡಿಮೆ ಪ್ರಮಾಣದ ಹೆಪಾರಿನ್ ಕೊಟ್ಟು ನೋಡಿ, ಅದರಿಂದ ಸಾವು ಕಡಿಮೆಯಾಯಿತೆಂದು 1999ರಲ್ಲಿ ಪ್ರಕಟಿಸಿದರು. ತುರೋರಿಯ ಹುಡುಗಿಯ ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಸಲ ಚುಚ್ಚಿದ್ದು ಅದೇ ಜಾತಿಯ ಇಂಜೆಕ್ಷನ್. ಜೊತೆಗೆ ಫಿಟ್ಸ್ ಔಷಧ, ಆಮೇಲೆ ಕೆಲವು ತಿಂಗಳು ರಕ್ತ ತೆಳುಮಾಡುವ ಗುಳಿಗೆ. ಮಗುವಿಗೆ ಹಾಲು ಬಿಡಿಸಬೇಕಾಗಲಿಲ್ಲ.

ಆಸ್ಪತ್ರೆಯಲ್ಲಿ ಅವಳ ತಲೆಯ ಕಡೆಯ ಮಂಚ ಎತ್ತರಿಸಿದ್ದರು. ತಾಯಿ ಪ್ರೀತಿಯಿಂದ ದಿಂಬು ತೆಗೆದು ಅವಳನ್ನು ಮಟ್ಟಸವಾಗಿ ಮಲಗಿಸಲು ಹೋದಾಗ ನರ್ಸ್ ಗದರಿದರಂತೆ. ತಲೆಯನ್ನು ಸುಮಾರು 30 ಡಿಗ್ರಿ ಎತ್ತರಿಸಿ ಕತ್ತು ನೇರ ಇಟ್ಟರೆ ಕತ್ತಿನ ಅಭಿಧಮನಿಗಳ ಮೂಲಕ ರಕ್ತ ಸಲೀಸಾಗಿ ಕೆಳಗಿಳಿಯುತ್ತದೆ. ಕಾಸಿಲ್ಲದ ಚಿಕಿತ್ಸೆ ಇದು, ಆದರೆ ದೊಡ್ಡದು. ಜ್ವರ ಇಳಿಸುವುದು, ನೋವು ತಗ್ಗಿಸುವುದು, ಮಲಬದ್ಧತೆಯಿಂದ ತಿಣುಕದಂತೆ ನೋಡಿಕೊಳ್ಳುವುದು, ಉಸಿರಾಟಕ್ಕೆ ತೊಂದರೆಯಾಗದಂತೆ ಕಾಯುವುದು, ಇವೆಲ್ಲ ಅದೇ ಸಾಲಿನವು. ಮ್ಯಾನಿಟಾಲ್ ಎಂಬ ಸಲೈನ್ ಅಥವಾ ಗಟ್ಟಿ ಉಪ್ಪುನೀರು ಏರಿಸಿದರೆ ಊದಿದ ಮಿದುಳಿನಿಂದ ನೀರು ರಕ್ತಕ್ಕೆ ಸೆಳೆದುಕೊಳ್ಳುತ್ತದೆ. ಉಪ್ಪು ಹಚ್ಚಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದನ್ನು ಕಂಡ ಅಮ್ಮಂದಿರಿಗೆ ಬೇರೆ ವಿವರಣೆ ಬೇಡ.

"ಆ ಪೇಶಂಟಿಗೆ ಸ್ಟಿರಾಯ್ಡ್ ಕೊಟ್ಟಾರ, ನಮಗ್ಯಾಕ ಕೊಡ್ಲಿಲ್ಲ?" ಎಂದು ಜಗಳವಾಡುವ ನೆಂಟರನ್ನು ನಾವು ನೋಡಿದ್ದೇವೆ. ಗಡ್ಡೆಯ ಸುತ್ತಲಿನ ಬಾವಿಗೆ ಸ್ಟಿರಾಯ್ಡ್ ಒಳ್ಳೆಯದು. 2004ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ವಿಯೆಟ್ನಾಮಿನದು, ಮಿದುಳು ಪೊರೆಯ ಕ್ಷಯದಲ್ಲಿ ಸ್ಟಿರಾಯ್ಡ್ ಜೀವ ಉಳಿಸುತ್ತದೆ ಎಂದಿತು. ಹತ್ತು ಸಾವಿರ ಗಾಯಾಳುಗಳ ಮೇಲೆ ಹಲವು ದೇಶಗಳಲ್ಲಿ ನಡೆದ ಇನ್ನೊಂದು, ತಲೆಯ ಪೆಟ್ಟಿನಲ್ಲಿ ಅದೇ ಬಗೆಯ ಔಷಧ ಸಾವನ್ನು ಹೆಚ್ಚಿಸುತ್ತದೆ ಎಂದಿತು. ಅಲ್ಲಿಯವರೆಗೆ ಎಷ್ಟೋ ದೇಶಗಳಲ್ಲಿ ಪೆಟ್ಟಿಗೆ ಅದನ್ನು ಕೊಡುತ್ತಲೇ ಇದ್ದರು. ಪಕ್ಕದ ಮಂಚದ ಚೀಟಿ ನೋಡಿ ಔಷಧ ಕೇಳುವುದು ಬೇಡ.

ಯಾವುದಕ್ಕೂ ಒತ್ತಡ ಬಗ್ಗದಿದ್ದರೆ ಬುರುಡೆಯ ಒಂದು ಭಾಗದ ಎಲುಬು ತೆಗೆದು ಮಿದುಳಿಗೆ ಜಾಗ ಮಾಡಿಕೊಡುತ್ತಾರೆ. ತೆಗೆದ ಎಲುಬನ್ನು ಕೆಲವು ಸಲ ಹೊಟ್ಟೆಯ ಚರ್ಮದಡಿ ಕಾಪಾಡಿ, ತಿಂಗಳುಗಳ ಮೇಲೆ ಮತ್ತೆ ಕೂರಿಸುತ್ತಾರೆ. ಇದರ ಬಗ್ಗೆ 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಫಲ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಪೆಟ್ಟಾದವರಲ್ಲಿ ಈ ಶಸ್ತ್ರಕ್ರಿಯೆಯಿಂದ ಸಾವು ಸ್ಪಷ್ಟವಾಗಿ ಕಡಿಮೆಯಾಯಿತು, ಆದರೆ ಉಳಿದವರಲ್ಲಿ ಅನೇಕರು ಎಚ್ಚರವಿಲ್ಲದೆ ಅಥವಾ ಪೂರ್ತಿ ಪರಾಧೀನರಾಗಿ ಉಳಿದರು. ಐಸಿಯು ಬಾಗಿಲಲ್ಲಿ "ಫಾದರ್, ಸಹಿ ಹಾಕಲೋ ಬೇಡವೋ?" ಎಂದು ಕೇಳಿದವರು ನಮಗಿದ್ದಾರೆ. ಕಥೋಲಿಕರಾದ ನಾವು ಜೀವವನ್ನು ಕೊನೆಗಾಣಿಸುವ ಯಾವುದನ್ನೂ ಒಪ್ಪುವುದಿಲ್ಲ. ಹಾಗೆಂದು ಎಲ್ಲ ಯಂತ್ರಗಳನ್ನೂ ಎಲ್ಲ ಕಾಲಕ್ಕೂ ಹಾಕಲೇಬೇಕೆಂಬ ಕಟ್ಟಳೆಯೂ ಇಲ್ಲ. ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು 1957ರಲ್ಲಿಯೇ ಅರಿವಳಿಕೆ ವೈದ್ಯರಿಗೆ ಇದನ್ನು ಹೇಳಿದ್ದರು, ಸಾಮಾನ್ಯ ಚಿಕಿತ್ಸೆ ಕರ್ತವ್ಯ, ಅಸಾಮಾನ್ಯವಾದುದು ಕಟ್ಟಳೆಯಲ್ಲ ಎಂದು. ಡಾಕ್ಟರರನ್ನು ಕೂರಿಸಿ, ಎಷ್ಟು ಚೇತರಿಕೆ ನಿರೀಕ್ಷಿಸಬಹುದು ಎಂದು ನೇರವಾಗಿ ಕೇಳಿ. ಅವರಿಗೆ ಸಮಯವಿಲ್ಲವೆಂದರೂ ಬಿಡಬೇಡಿ. ಆ ಮಾತುಕತೆಗೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಕರೆಯಿರಿ, ಬರದಿದ್ದರೆ ನಮಗೆ ಬರೆಯಿರಿ.

ಹಸುಳೆಗಳ ಕಥೆ ಸ್ವಲ್ಪ ಬೇರೆ. ಅವರ ನೆತ್ತಿ ಮೆತ್ತಗಿರುವುದರಿಂದ ನೀರು ಹೆಚ್ಚಿದರೆ ತಲೆಯೇ ಬೆಳೆಯುತ್ತದೆ. ನೆತ್ತಿ ಉಬ್ಬಿದ, ಕಣ್ಣು ಕೆಳಗೇ ನೋಡುವ, ತಿಂಗಳಿಗೊಮ್ಮೆ ಅಳೆದಾಗ ತಲೆ ಬೇಗ ದೊಡ್ಡದಾಗುತ್ತಿರುವ ಮಗುವನ್ನು ದೇವಸ್ಥಾನ, ದರ್ಗಾ, ನಮ್ಮ ಇಗರ್ಜಿ ಎಲ್ಲ ಸುತ್ತಿಸಿ ಕಡೆಗೆ ಆಸ್ಪತ್ರೆಗೆ ಒಯ್ಯುವವರಿದ್ದಾರೆ. ಮೊದಲು ಒಯ್ಯಿರಿ, ಹರಕೆ ಆಮೇಲೂ ತೀರಿಸಬಹುದು. ಹೆಚ್ಚಿನ ನೀರನ್ನು ಹೊಟ್ಟೆಗೆ ಹರಿಸುವ ಷಂಟ್ ಎಂಬ ನಳಿಗೆಯ ಹಿಂದೆ ತಂದೆಯರ ಸಂಕಟವಿದೆ. ಅಮೆರಿಕದ ಜಾನ್ ಹೋಲ್ಟರ್ ಡಾಕ್ಟರರಲ್ಲ, ಬೀಗದ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಮಗ ಕೇಸಿಗೆ ಈ ಕಾಯಿಲೆಯಾದಾಗ 1956ರಲ್ಲಿ ತಾನೇ ಕೂತು ನೀರು ಒಂದೇ ಕಡೆಗೆ ಹರಿಯುವ ಕವಾಟ ಮಾಡಿದರು. ಮಕ್ಕಳ ಕಥೆಗಾರ ರೋಆಲ್ಡ್ ಡಾಲ್ ಅವರ ಕೂಸಿನ ತಳ್ಳುಗಾಡಿಗೆ 1960ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಬಡಿಯಿತು. ಹಾಕಿದ ನಳಿಗೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದುದನ್ನು ಕಂಡು, ಆಟಿಕೆ ವಿಮಾನದ ಇಂಜಿನ್ ಮಾಡುವ ಗೆಳೆಯ ಮತ್ತು ಒಬ್ಬ ಶಸ್ತ್ರವೈದ್ಯರ ಜೊತೆ ಸೇರಿ 1962ರ ಹೊತ್ತಿಗೆ ಹೊಸ ಕವಾಟ ತಂದರು. ಅಷ್ಟರಲ್ಲಿ ಅವರ ಮಗನಿಗೆ ಅದು ಬೇಕಾಗಲಿಲ್ಲ, ಬೇರೆಯವರ ಮಕ್ಕಳಿಗೆ ಬೇಕಾಯಿತು. ನಮ್ಮ ಉತ್ತರ ಪ್ರದೇಶದ ಷಾಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಷಂಟ್ ಬೆಲೆಯಲ್ಲಿ ಬಹಳ ಅಗ್ಗ. ಅದನ್ನು ಉಗಾಂಡಾದಲ್ಲಿ ದುಬಾರಿ ವಿದೇಶಿ ಷಂಟಿನ ಪಕ್ಕದಲ್ಲಿಟ್ಟು ನೋಡಿದಾಗ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2005ರಲ್ಲಿ ವರದಿಯಾಯಿತು. ಷಂಟ್ ಹಾಕಿದ ಮಗುವಿಗೆ ಮತ್ತೆ ವಾಂತಿ, ಮಂಪರು, ಜ್ವರ ಬಂದರೆ ನಳಿಗೆ ಕಟ್ಟಿದೆಯೋ ಸೋಂಕಾಗಿದೆಯೋ ಎಂದು ಅದೇ ದಿನ ತೋರಿಸಬೇಕು.

ಮತ್ತೆ ತುರೋರಿಗೆ. ಹುಡುಗಿ ಮನೆಗೆ ಬಂದ ಮೇಲೆ ನಾವು ನೋಡಲು ಹೋದೆವು. ಆಯಿ ಒಳಗಿನಿಂದ ಬರಲಿಲ್ಲ. ಕರೆದಾಗ ಬಂದು ಕಂಬಕ್ಕೆ ಒರಗಿ ನಿಂತರು. "ಫಾದರ್, ನಾ ಅಕಿಗಿ ನೀರು ಕೊಡದಾಂಗ ಮಾಡಿ ಕೊಲ್ಲಾಕತ್ತಿದ್ನಾ?" ಎಂದು ಕೇಳಿದರು. ಆಸ್ಪತ್ರೆಯಲ್ಲಿ ಯಾರೋ ನೆಂಟರು ಹಾಗೆ ಅಂದುಬಿಟ್ಟಿದ್ದರಂತೆ. ಆವತ್ತಿನಿಂದ ಅವರು ಸರಿಯಾಗಿ ಉಂಡಿರಲಿಲ್ಲ.

ನಾವು ಡಾಕ್ಟರರಿಂದ ಕೇಳಿ ತಿಳಿದದ್ದನ್ನೇ ಹೇಳಿದೆವು. ಇದಕ್ಕೆ ಒಂದೇ ಕಾರಣ ಇರುವುದಿಲ್ಲ ಆಯಿ, ಹೊಟ್ಟೆ ತುಂಬ ನೀರು ಕುಡಿದವರಿಗೂ ಬಂದಿದೆ, ನೀರು ಕಡಿಮೆಯಾದರೆ ಅಪಾಯ ಹೆಚ್ಚುತ್ತದೆ ಎಂಬುದು ಮಾತ್ರ ನಿಜ ಎಂದೆವು. ನೀವು ಕೊಟ್ಟ ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಎಣ್ಣೆ ನೀರು, ವಿಶ್ರಾಂತಿ ಯಾವುದಕ್ಕೂ ಡಾಕ್ಟರರು ಬೇಡವೆನ್ನಲಿಲ್ಲ ಎಂದೆವು. ಮತ್ತೆ, ಅವಳು ನಾನು ಇಬ್ಬರಾಗಿ ಕಾಣುತ್ತೀರಿ ಎಂದಾಗ ನಕ್ಕು ಮುಲಾಮು ಕೊಟ್ಟು ಹೋದವರು ನಾವು, ಓದಿದವರು, ಎಂದೂ ಹೇಳಿದೆವು. ಆಯಿ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ನಮ್ಮ ಅವ್ವ ನನಗೂ ನೀರು ಕೊಟ್ಟಿರಲಿಲ್ಲ. ಮೂರನೇದರಾಗ ತಲಿ ಒಡದಾಂಗ ಆಗಿತ್ತು, ಒಂದು ತಿಂಗಳು ಕಣ್ಣು ಮಂಜು ಇತ್ತು. ದೆವ್ವ ಬಡದದ ಅಂದ್ರು" ಎಂದರು.

ಆವತ್ತು ಸೊಸೆಯೂ ಮೊಮ್ಮಗನ ಹೆಂಡತಿಯೂ ಅವರನ್ನು ಕೂರಿಸಿ ಊಟ ಮಾಡಿಸಿದರು.

ಕೊನೆಗೆ ಹೆಣ್ಣುಮಕ್ಕಳಿಗೆ ಡಾಕ್ಟರರು ಹೇಳಿಕಳಿಸಿದ ಎರಡು ಮಾತು. ಬಾಯಾರಿಕೆಯಾದಾಗಲೆಲ್ಲ ಬಾಣಂತಿಗೆ ನೀರು ಕೊಡಿ, ಕಾಯಿಸಿ ಬೆಚ್ಚಗೆ ಕೊಟ್ಟರೂ ಸರಿ, ಅಜವಾನ ಹಾಕಿದರೂ ಸರಿ, ಲೆಕ್ಕ ಮಾತ್ರ ಬೇಡ. ಹೆರಿಗೆಯಾಗಿ ಆರು ವಾರದೊಳಗೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದರೆ ಹೆರಿಗೆಯಾದ ದಿನ ಹೇಳಿ ತೋರಿಸಿ, ಏಕೆಂದರೆ ಆ ದಿನಗಳಲ್ಲಿ ಬಿಪಿ ಏರಿಯೂ ಫಿಟ್ಸ್ ಬರಬಹುದು, ಎರಡನ್ನೂ ಬೇಗ ಬೇರ್ಪಡಿಸಬೇಕು. ಎರಡನೆಯದು, ಮದುವೆ ಹಬ್ಬ ಯಾತ್ರೆಗಳಿಗೆಂದು ಮುಟ್ಟು ಮುಂದೂಡುವ ಗುಳಿಗೆಗಳನ್ನು ಔಷಧದಂಗಡಿಯಿಂದ ನೇರ ತಂದು ನುಂಗುವುದು ನಮ್ಮ ಮನೆಗಳಲ್ಲೂ ಇದೆ. ಇಂಥ ಹಾರ್ಮೋನು ಗುಳಿಗೆಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತವೆ. ಒಮ್ಮೆ ಈ ಕಾಯಿಲೆಯಾದವರು ಈಸ್ಟ್ರೊಜೆನ್ ಇರುವ ಗುಳಿಗೆ ಮುಟ್ಟಬಾರದು. ಮುಂದಿನ ಮಗು ಬೇಕೆನಿಸಿದರೆ ಗರ್ಭ ನಿಲ್ಲುವ ಮೊದಲೇ ಡಾಕ್ಟರರನ್ನು ಕಾಣಬೇಕು, ಹಳೆಯ ಸ್ಕ್ಯಾನ್ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು. ತುರೋರಿಯ ಹುಡುಗಿ ಅವುಗಳನ್ನು ಬೈಬಲಿನ ಪಕ್ಕದ ಟ್ರಂಕಿನಲ್ಲಿಟ್ಟಿದ್ದಾಳೆ.